ಮೈಸೂರಿನ ದ್ವಿಘಾತ ಎಂಜಿನು ಮತ್ತು ಕಾರ್ಬುರೇಟರಿನ ಗಾತ್ರನಿರ್ಣಯ

೧

ನಮ್ಮ ನಾಡಿನ ಕೈಗಾರಿಕೆಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕಾರ್ಖಾನೆಯ ಸ್ಥಾಪನೆ, ಬಂಡವಾಳ, ಕಾರ್ಮಿಕರ ಸ್ಥಿತಿಗತಿ, ಉತ್ಪಾದನೆಯ ಏರಿಳಿತ ಇವುಗಳನ್ನು ಕುರಿತು ವಿಚಾರಮಾಡುತ್ತಾರೆ. ಯಂತ್ರವು ತಾನೇ ಒಂದು ದಾಖಲೆ ಎಂಬ ಅಂಶದ ಕಡೆಗೆ ಅವರ ಗಮನ ಹರಿಯುವುದು ವಿರಳ. ಶಾಸನವನ್ನು ಓದುವ ವಿದ್ವಾಂಸನು ಅಕ್ಷರಗಳ ಆಕಾರದಿಂದ ಅದರ ಕಾಲವನ್ನು ಊಹಿಸುವನು. ಅದರಂತೆಯೇ ಎಂಜಿನಿನ ಒಂದು ಭಾಗದ ಅಳತೆಯಿಂದ ಅದನ್ನು ರಚಿಸಿದವರ ಉದ್ದೇಶವನ್ನು ತಿಳಿಯುವುದು ಸಾಧ್ಯ. ಅಂಥ ಅಳತೆಗಳಲ್ಲಿ ಒಂದಾದ ಕಾರ್ಬುರೇಟರಿನ ಕಂಠದ ವ್ಯಾಸವು ಈ ಲೇಖನದ ವಿಷಯ.

ಇದು ಕೇವಲ ಪುಸ್ತಕದ ಪ್ರಶ್ನೆಯಲ್ಲ. ಕಾರ್ಯಾಗಾರಗಳಲ್ಲಿ ಟೂ-ಸ್ಟ್ರೋಕ್ ಎಂದು ಕರೆಯಲ್ಪಡುವ ದ್ವಿಘಾತ ಎಂಜಿನನ್ನು ಮಾರ್ಪಡಿಸಿ ಹೆಚ್ಚು ಶಕ್ತಿಯನ್ನು ಪಡೆಯಬೇಕೆನ್ನುವವರು ಮೊಟ್ಟಮೊದಲು ಕೈಹಾಕುವುದು ಕಾರ್ಬುರೇಟರಿಗೆ. ದೊಡ್ಡದನ್ನು ಕೂಡಿಸಿದರೆ ಎಂಜಿನು ಹೆಚ್ಚು ಉಸಿರಾಡುತ್ತದೆ, ಹೆಚ್ಚು ಉಸಿರಾಡಿದರೆ ಹೆಚ್ಚು ಓಡುತ್ತದೆ ಎಂಬುದು ಅವರ ತರ್ಕ. ಈ ತರ್ಕದಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ಅರಿಯದೆ ಹೋದರೆ ಎಂಜಿನು ಬಿಸಿಯಾಗಿ, ಪಿಸ್ಟನು ಸಿಲಿಂಡರಿನಲ್ಲಿ ಕಚ್ಚಿಕೊಂಡು, ಹಿಂದಿನ ಚಕ್ರ ತಟಕ್ಕನೆ ನಿಂತು ಸವಾರನ ಪ್ರಾಣಕ್ಕೇ ಅಪಾಯ ಒದಗಬಹುದು. ಈ ಅರ್ಧಸತ್ಯವನ್ನು ಪರೀಕ್ಷಿಸುವುದಕ್ಕೆ ಮೈಸೂರಿನಲ್ಲಿ ತಯಾರಾದ ಒಂದು ಎಂಜಿನು ಒಳ್ಳೆಯ ಸಾಧನವಾಗಿದೆ. ಆ ಎಂಜಿನಿನಿಂದ ಹೊರಟು, ಕೊನೆಯಲ್ಲಿ ಉತ್ತರ ಕನ್ನಡದ ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯಂಥ ಗ್ರಾಮದ ಗದ್ದೆಯ ದಾರಿಗೆ ಎಂಥ ಕಾರ್ಬುರೇಟರು ತಕ್ಕದ್ದೆಂಬುದನ್ನು ವಿವೇಚಿಸುವುದು ಇಲ್ಲಿಯ ಕ್ರಮ.

೨

ಕಾರ್ಬುರೇಟರಿನ ತತ್ತ್ವ ಎಂಜಿನಿಗಿಂತ ಬಹಳ ಹಳೆಯದು. ದ್ರವದ ವೇಗ ಹೆಚ್ಚಿದಲ್ಲಿ ಅದರ ಒತ್ತಡ ಇಳಿಯುತ್ತದೆಂಬುದನ್ನು ಡೇನಿಯಲ್ ಬರ್ನೂಲಿಯು ೧೭೩೮ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು. ನಡುವೆ ಸಂಕುಚಿತವಾದ ನಳಿಗೆಯಲ್ಲಿ ಈ ಪರಿಣಾಮ ಹೇಗೆ ತೋರುತ್ತದೆಂಬುದನ್ನು ಇಟಲಿಯ ವೆಂಚುರಿಯು ೧೭೯೭ರಲ್ಲಿ ಪ್ರಯೋಗಗಳಿಂದ ನಿರೂಪಿಸಿದನು. ೧೮೯೩ರಲ್ಲಿ ಜರ್ಮನಿಯ ಮೇಬಾಖನೂ, ಅದೇ ವರ್ಷ ಹಂಗೆರಿಯ ಬಾಂಕಿ ಮತ್ತು ಚೊಂಕಾ ಎಂಬಿಬ್ಬರೂ ಪೆಟ್ರೋಲನ್ನು ಸಣ್ಣ ರಂಧ್ರದ ಮೂಲಕ ಗಾಳಿಯ ಪ್ರವಾಹದೊಳಕ್ಕೆ ತುಂತುರಾಗಿ ಬಿಡುವ ಸಾಧನಗಳನ್ನು ರೂಪಿಸಿದರು. ಅಂದಿನಿಂದ ಮೂಲತತ್ತ್ವ ಬದಲಾಗಿಲ್ಲ. ಕಂಠದಲ್ಲಿ ಗಾಳಿ ವೇಗವಾಗಿ ಹಾಯುವುದರಿಂದ ಅಲ್ಲಿ ಒತ್ತಡ ಕುಗ್ಗುತ್ತದೆ. ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲಿನ ಮೇಲೆ ವಾತಾವರಣದ ಒತ್ತಡವಿದೆ. ಈ ಎರಡು ಒತ್ತಡಗಳ ಅಂತರವೇ ಪೆಟ್ರೋಲನ್ನು ಜೆಟ್ಟಿನ ಮೂಲಕ ಮೇಲೆತ್ತುತ್ತದೆ. ಗಾಳಿಯ ವೇಗವಿಲ್ಲದಿದ್ದರೆ ಪೆಟ್ರೋಲು ಮೇಲೇರದು. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ದ್ವಿಘಾತ ಎಂಜಿನಿನ ಕಥೆಯೂ ಅದೇ ಶತಮಾನದ್ದು. ಸ್ಕಾಟ್ಲೆಂಡಿನ ಡುಗಾಲ್ಡ್ ಕ್ಲರ್ಕನು ೧೮೮೧ರಲ್ಲಿ ಹಕ್ಕುಪತ್ರ ಪಡೆದ ಎಂಜಿನಿನಲ್ಲಿ ಹೊಸ ಮಿಶ್ರಣವನ್ನು ತುಂಬುವುದಕ್ಕೆ ಬೇರೊಂದು ಪಂಪಿನ ಸಿಲಿಂಡರು ಬೇಕಾಗಿತ್ತು. ಇಂಗ್ಲೆಂಡಿನ ಬಾತ್ ಪಟ್ಟಣದ ಜೋಸೆಫ್ ಡೇ ಎಂಬವನು ೧೮೯೧ರ ವೇಳೆಗೆ ಪಿಸ್ಟನಿನ ಕೆಳಗಿರುವ ಕ್ರ್ಯಾಂಕ್ ಪೆಟ್ಟಿಗೆಯನ್ನೇ ಪಂಪಾಗಿ ಬಳಸಿದನು. ಅವನ ಕೆಲಸಗಾರನಾದ ಫ್ರೆಡರಿಕ್ ಕಾಕನು ಮರುವರ್ಷವೇ ಕವಾಟಗಳನ್ನು ತೆಗೆದುಹಾಕಿ, ಪಿಸ್ಟನಿನ ಅಂಚೇ ಒಳಬರುವ ಕಿಂಡಿಯನ್ನು ತೆರೆದು ಮುಚ್ಚುವಂತೆ ಮಾಡಿದನು. ಹೀಗೆ ಅತ್ಯಲ್ಪ ಭಾಗಗಳುಳ್ಳ ಎಂಜಿನು ಹುಟ್ಟಿತು. ಆದರೆ ಈ ಸರಳತೆಗೆ ಒಂದು ಬೆಲೆಯಿತ್ತು. ಕಿಂಡಿಯನ್ನು ಪಿಸ್ಟನು ತೆರೆಯುವ ಮತ್ತು ಮುಚ್ಚುವ ಕಾಲಗಳು ಎಂಜಿನು ನಿಧಾನವಾಗಿ ತಿರುಗಿದರೂ ವೇಗವಾಗಿ ತಿರುಗಿದರೂ ಒಂದೇ ಕೋನಗಳಲ್ಲಿರುತ್ತವೆ. ನಿಧಾನವಾಗಿ ತಿರುಗುವಾಗ ಪಿಸ್ಟನು ಕೆಳಗಿಳಿಯತೊಡಗಿದರೂ ಕಿಂಡಿ ಇನ್ನೂ ತೆರೆದೇ ಇರುವುದರಿಂದ, ಒಳಹೊಕ್ಕ ಮಿಶ್ರಣದ ಒಂದು ಭಾಗ ಕಾರ್ಬುರೇಟರಿನ ಕಡೆಗೇ ಹಿಂದಿರುಗುತ್ತದೆ. ಅದೇ ಗಾಳಿ ಕಂಠವನ್ನು ಮತ್ತೆ ಮತ್ತೆ ಹಾಯ್ದು ಪ್ರತಿಸಲವೂ ಪೆಟ್ರೋಲನ್ನು ಹೀರಿಕೊಳ್ಳುತ್ತದೆ. ಆದುದರಿಂದ ಇಂಥ ಎಂಜಿನಿನ ಕಾರ್ಬುರೇಟರನ್ನು ಹೊಂದಿಸುವುದು, ಹೊರಗೆ ಕಾಣುವ ಸರಳತೆಯಿಂದ ಊಹಿಸುವುದಕ್ಕಿಂತ ಕಷ್ಟವಾದ ಕೆಲಸ.

೩

ಈ ಜಾತಿಯ ಎಂಜಿನು ಕರ್ನಾಟಕದಲ್ಲಿ ನೆಲೆಯೂರಿದುದು ಮೈಸೂರಿನ ಯಾದವಗಿರಿಯಲ್ಲಿ. ೧೯೫೦ರ ದಶಕದಲ್ಲಿ ಭಾರತ ಸರ್ಕಾರವು ಮೋಟಾರ್ ಸೈಕಲ್ಲುಗಳ ಆಮದನ್ನು ನಿರ್ಬಂಧಿಸಿದಾಗ, ಅದುವರೆಗೆ ಹೊರಗಿನಿಂದ ತರಿಸಿ ಮಾರುತ್ತಿದ್ದವರು ದೇಶದೊಳಗೇ ತಯಾರಿಕೆಯನ್ನು ಆರಂಭಿಸಬೇಕಾಯಿತು. ಇರಾಣಿ ಮನೆತನದವರು ಚೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಐಡಿಯಲ್ ಜಾವಾ ಎಂಬ ಕಾರ್ಖಾನೆಯನ್ನು ಕಟ್ಟಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ೧೯೬೧ರಲ್ಲಿ ಅದನ್ನು ಉದ್ಘಾಟಿಸಿದರು. ಮೂಲಸಂಸ್ಥೆಯಾದ ಜಾವಾ ೧೯೨೯ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿತು. ಸ್ಥಾಪಕನಾದ ಯಾನೆಚೆಕನ ಹೆಸರಿನ ಮೊದಲ ಭಾಗವನ್ನೂ, ಅವನು ಯಾರ ಹಕ್ಕುಗಳನ್ನು ಕೊಂಡನೋ ಆ ವಾಂಡರರ್ ಸಂಸ್ಥೆಯ ಹೆಸರಿನ ಮೊದಲ ಭಾಗವನ್ನೂ ಕೂಡಿಸಿ ಆ ಹೆಸರನ್ನು ಮಾಡಿದರು. ಮೈಸೂರಿನ ಕಾರ್ಖಾನೆಯ ವಾಹನಗಳು ೧೯೭೩ರಿಂದ ಯೆಜ್ಡಿ ಎಂಬ ಹೆಸರನ್ನು ತಳೆದವು. ೧೯೭೮ರಲ್ಲಿ ರೋಡ್‌ಕಿಂಗ್ ಮಾದರಿ ಬಂದಿತು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು.

ಮೈಸೂರಿನಲ್ಲಿ ಆರಂಭದಲ್ಲಿ ತಯಾರಾದ ಜಾವಾ ೩೫೩ ಮಾದರಿಯ ಎಂಜಿನಿನ ಅಳತೆಗಳನ್ನು ನೋಡೋಣ. ಸಿಲಿಂಡರಿನ ವ್ಯಾಸ ೬೫ ಮಿಲಿಮೀಟರು, ಪಿಸ್ಟನಿನ ನಡೆ ೭೫ ಮಿಲಿಮೀಟರು, ಘನಗಾತ್ರ ೨೪೮.೫ ಘನ ಸೆಂಟಿಮೀಟರು. ನಿಮಿಷಕ್ಕೆ ಸುಮಾರು ೪೭೫೦ ಸುತ್ತುಗಳಲ್ಲಿ ಅದು ಸುಮಾರು ೧೨ ಅಶ್ವಶಕ್ತಿಯನ್ನು ಕೊಡುತ್ತಿತ್ತು. ಸಿಲಿಂಡರು ಒಂದೇ ಆದರೂ ಹೊಗೆಕೊಳವೆಗಳು ಎರಡು. ಕಿಕ್ ಹೊಡೆಯುವ ಸನ್ನೆಯೇ ಗೇರಿನ ಸನ್ನೆಯೂ ಆಗಿತ್ತು. ಕಾರ್ಬುರೇಟರು ಜಿಕೊವ್ ೨೯೨೪. ಅದರ ಕಂಠದ ವ್ಯಾಸ ೨೪ ಮಿಲಿಮೀಟರು. ನಡೆಯು ವ್ಯಾಸಕ್ಕಿಂತ ಉದ್ದವಾಗಿರುವುದು, ಗರಿಷ್ಠ ಶಕ್ತಿ ಕಡಿಮೆ ವೇಗದಲ್ಲೇ ದೊರೆಯುವುದು, ಕಂಠವು ಕಿರಿದಾಗಿರುವುದು—ಈ ಮೂರೂ ಒಂದೇ ಉದ್ದೇಶವನ್ನು ಸಾರುತ್ತವೆ. ಭಾರವನ್ನು ಹೊತ್ತು, ಕೆಟ್ಟ ರಸ್ತೆಯಲ್ಲಿ, ಮೇಲಿಂದ ಮೇಲೆ ಗೇರು ಬದಲಾಯಿಸದೆ ಎಳೆದುಕೊಂಡು ಹೋಗುವ ವಾಹನವನ್ನು ಮಾಡಬೇಕೆಂಬುದು ರಚನಕಾರರ ಅಭಿಪ್ರಾಯವಾಗಿತ್ತು. ಪಿಕಪ್ ಎಂದು ನಮ್ಮ ಸವಾರರು ಕರೆಯುವ ಗುಣ ಈ ಕಿರಿದಾದ ಕಂಠದಿಂದಲೂ ಬಂದುದು.

೪

ಈ ೨೪ ಮಿಲಿಮೀಟರು ಎಂಬ ಸಂಖ್ಯೆ ಎಲ್ಲಿಂದ ಬಂದಿತು? ಎಂಜಿನು ಒಂದು ನಿಮಿಷದಲ್ಲಿ ಬಯಸುವ ಗಾಳಿಯ ಪ್ರಮಾಣವು ಅದರ ಘನಗಾತ್ರ ಮತ್ತು ಸುತ್ತುಗಳ ಗುಣಲಬ್ಧವನ್ನು ಅನುಸರಿಸುತ್ತದೆ. ಕಂಠದಲ್ಲಿ ಗಾಳಿಯ ವೇಗವನ್ನು ಒಂದೇ ಮಟ್ಟದಲ್ಲಿ ಇಡಬೇಕಾದರೆ ಕಂಠದ ವಿಸ್ತೀರ್ಣವೂ ಅದೇ ಗುಣಲಬ್ಧವನ್ನು ಅನುಸರಿಸಬೇಕು. ಎಂದರೆ ವ್ಯಾಸವು ಅದರ ವರ್ಗಮೂಲವನ್ನು ಅನುಸರಿಸಬೇಕು. ಇದರಿಂದ ಎಂಜಿನು ಮಾರ್ಪಡಿಸುವವರಲ್ಲಿ ರೂಢಿಯಲ್ಲಿರುವ ಸೂತ್ರ ಉಂಟಾಗಿದೆ. ಒಂದು ಸಿಲಿಂಡರಿನ ಘನಗಾತ್ರವನ್ನು ಲೀಟರುಗಳಲ್ಲಿ ಬರೆದು, ಗರಿಷ್ಠ ಶಕ್ತಿ ದೊರೆಯುವ ವೇಗವನ್ನು ನಿಮಿಷಕ್ಕೆ ಇಷ್ಟು ಸುತ್ತುಗಳೆಂದು ಬರೆದು, ಎರಡನ್ನೂ ಗುಣಿಸಿ, ವರ್ಗಮೂಲ ತೆಗೆದು, ಒಂದು ಗುಣಾಂಕದಿಂದ ಗುಣಿಸಿದರೆ ಕಂಠದ ವ್ಯಾಸ ಮಿಲಿಮೀಟರುಗಳಲ್ಲಿ ಬರುತ್ತದೆ. ಗುಣಾಂಕವು ಸುಮಾರು ೦.೬೫ರಿಂದ ೦.೯ರ ವರೆಗೆ ಇರಬಹುದು. ಎಳೆಯುವ ಶಕ್ತಿ ಬೇಕಾದಲ್ಲಿ ಕೆಳಗಿನದು, ಪಂದ್ಯಕ್ಕೆ ಮೇಲಿನದು.

ಜಾವಾ ಎಂಜಿನಿಗೆ ೦.೨೪೮೫ನ್ನು ೪೭೫೦ರಿಂದ ಗುಣಿಸಿದರೆ ೧೧೮೦. ಅದರ ವರ್ಗಮೂಲ ೩೪.೪. ವ್ಯಾಸ ೨೪ ಆಗಿರುವುದರಿಂದ ಗುಣಾಂಕ ೦.೭೦. ಇದರೊಡನೆ ನಮ್ಮಲ್ಲಿ ಬಹಳವಾಗಿ ಮಾರ್ಪಾಟಿಗೆ ಒಳಗಾದ ಇನ್ನೊಂದು ದ್ವಿಘಾತ ಎಂಜಿನನ್ನು ಹೋಲಿಸಬಹುದು. ಎಸ್ಕಾರ್ಟ್ಸ್ ಸಂಸ್ಥೆಯು ೧೯೮೫ರಿಂದ ೧೯೯೬ರ ವರೆಗೆ ಹೊರತಂದ ಯಮಾಹಾ ಆರ್‌ಎಕ್ಸ್ ೧೦೦ ವಾಹನದ ಸಿಲಿಂಡರು ೫೦ ಮಿಲಿಮೀಟರು ವ್ಯಾಸ, ೫೦ ಮಿಲಿಮೀಟರು ನಡೆಯದು. ಘನಗಾತ್ರ ೯೮ ಘನ ಸೆಂಟಿಮೀಟರು. ಶಕ್ತಿ ೭೫೦೦ ಸುತ್ತುಗಳಲ್ಲಿ ಸುಮಾರು ೧೧ ಅಶ್ವಶಕ್ತಿ. ಮಿಕುನಿ ಕಾರ್ಬುರೇಟರಿನ ಕಂಠ ೨೦ ಮಿಲಿಮೀಟರು. ಗುಣಾಂಕ ೦.೭೪. ಒಂದು ಯೂರೋಪಿನ ರಚನೆ, ಮತ್ತೊಂದು ಜಪಾನಿನದು. ನಡುವೆ ಮೂರು ದಶಕಗಳ ಅಂತರ. ಒಂದು ನಿಧಾನದ್ದು, ಮತ್ತೊಂದು ಚುರುಕಿನದು. ಆದರೂ ಪ್ರತಿ ಸುತ್ತಿಗೂ ಸಿಲಿಂಡರು ಪೂರ್ಣವಾಗಿ ತುಂಬುತ್ತದೆಂದು ಭಾವಿಸಿ ಲೆಕ್ಕ ಹಾಕಿದರೆ, ಗರಿಷ್ಠ ಶಕ್ತಿಯಲ್ಲಿ ಕಂಠದ ಗಾಳಿಯ ಸರಾಸರಿ ವೇಗ ಮೊದಲನೆಯದರಲ್ಲಿ ಸೆಕೆಂಡಿಗೆ ಸುಮಾರು ೪೩ ಮೀಟರು, ಎರಡನೆಯದರಲ್ಲಿ ಸುಮಾರು ೩೯ ಮೀಟರು. ಇಬ್ಬರು ರಚನಕಾರರೂ ಬೇರೆ ಬೇರೆ ದಾರಿಗಳಿಂದ ಹೊರಟು ಸಮೀಪದ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ. ರಸ್ತೆಯ ಮೇಲೆ ನಿತ್ಯವೂ ಓಡಾಡುವ ಎಂಜಿನಿಗೆ ಗಾಳಿಯ ವೇಗದ ಒಂದು ಮಿತಿಯುಂಟು. ಅದಕ್ಕಿಂತ ಬಹಳ ಇಳಿಸುವುದು ಉಚಿತವಲ್ಲವೆಂಬುದೇ ಆ ತೀರ್ಮಾನ.

ಈಗ ಜಾವಾ ಎಂಜಿನಿನಲ್ಲಿ ಬೇರೆ ಯಾವ ಮಾರ್ಪಾಟನ್ನೂ ಮಾಡದೆ ೨೪ರ ಬದಲು ೨೮ ಮಿಲಿಮೀಟರಿನ ಕಾರ್ಬುರೇಟರನ್ನು ಜೋಡಿಸಿದರೆ ಏನಾಗುತ್ತದೆ? ಕಂಠದ ವಿಸ್ತೀರ್ಣ ೪೫೨ರಿಂದ ೬೧೬ ಚದರ ಮಿಲಿಮೀಟರಿಗೆ, ಎಂದರೆ ನೂರಕ್ಕೆ ೩೬ರಷ್ಟು ಹೆಚ್ಚುತ್ತದೆ. ಎಂಜಿನಿನ ಬಯಕೆ ಹೆಚ್ಚದಿರುವುದರಿಂದ ಗಾಳಿಯ ವೇಗ ನೂರಕ್ಕೆ ೨೬ರಷ್ಟು ಇಳಿಯುತ್ತದೆ. ಪೆಟ್ರೋಲನ್ನು ಎತ್ತುವ ಒತ್ತಡದ ಅಂತರವು ವೇಗದ ವರ್ಗವನ್ನು ಅನುಸರಿಸುವುದರಿಂದ ಅದು ಮೊದಲಿದ್ದುದರ ನೂರಕ್ಕೆ ೫೪ಕ್ಕೆ ಕುಸಿಯುತ್ತದೆ. ಹಳೆಯ ಅಳತೆಯ ಜೆಟ್ಟನ್ನೇ ಉಳಿಸಿಕೊಂಡರೆ, ಮೊದಲು ನೂರು ಪಾಲು ಪೆಟ್ರೋಲು ಬರುತ್ತಿದ್ದಲ್ಲಿ ಈಗ ಎಪ್ಪತ್ತುಮೂರು ಎಪ್ಪತ್ತುನಾಲ್ಕು ಪಾಲು ಮಾತ್ರ ಬರುತ್ತದೆ. ಇಲ್ಲಿಯೇ ಅಪಾಯದ ಮೂಲ. ಈ ಎಂಜಿನುಗಳಲ್ಲಿ ತೈಲವು ಪೆಟ್ರೋಲಿನೊಡನೆ ಬೆರೆತು ಒಳಹೋಗುತ್ತದೆ. ಪೆಟ್ರೋಲು ಕಡಿಮೆಯಾದರೆ ತೈಲವೂ ಕಡಿಮೆ. ತೆಳುವಾದ ಮಿಶ್ರಣ ಉರಿದು ಶಾಖವೂ ಹೆಚ್ಚು. ಎಂಜಿನು ಸೀಜ್ ಆಯಿತು ಎಂದು ಗ್ಯಾರೇಜುಗಳಲ್ಲಿ ಹೇಳುವ ವಿಪತ್ತಿಗೆ ಇದಕ್ಕಿಂತ ನೇರವಾದ ಹಾದಿ ಬೇರೊಂದಿಲ್ಲ.

ಜೆಟ್ಟನ್ನು ಹಿಗ್ಗಿಸಿ ಇದನ್ನು ಸರಿಪಡಿಸಬಹುದೆಂಬುದು ನಿಜ. ಲೆಕ್ಕವೂ ಸರಳವಾಗಿದೆ: ಕಂಠದ ವ್ಯಾಸ ಹೆಚ್ಚಿದ ಪ್ರಮಾಣದಲ್ಲೇ ಜೆಟ್ಟಿನ ವ್ಯಾಸವೂ ಹೆಚ್ಚಬೇಕು, ಮೊದಲಿನದನ್ನು ನೂರೆಂದರೆ ಈಗ ಸುಮಾರು ೧೧೭. ಆದರೆ ಕೆಳವೇಗದಲ್ಲಿ ಇದು ಸಾಲದು. ನಿಮಿಷಕ್ಕೆ ೨೦೦೦ ಸುತ್ತುಗಳಲ್ಲಿ ೨೪ರ ಕಂಠದಲ್ಲಿ ಸೆಕೆಂಡಿಗೆ ೧೮ ಮೀಟರಿದ್ದ ಗಾಳಿಯ ವೇಗವು ೨೮ರ ಕಂಠದಲ್ಲಿ ೧೩ಕ್ಕೆ ಬರುತ್ತದೆ. ಪೆಟ್ರೋಲು ತುಂತುರಾಗಿ ಒಡೆಯದೆ ದಪ್ಪ ಹನಿಗಳಾಗಿ ಗೋಡೆಗೆ ಅಂಟುತ್ತದೆ. ಆಕ್ಸಿಲರೇಟರು ತಿರುಗಿಸಿದೊಡನೆ ಎಂಜಿನು ಒಂದು ಕ್ಷಣ ಮುಗ್ಗರಿಸಿ ಅನಂತರ ಎಚ್ಚರಗೊಳ್ಳುತ್ತದೆ.

೫

ಹಾಗಾದರೆ ದೊಡ್ಡ ಕಾರ್ಬುರೇಟರಿಗೆ ಸ್ಥಾನವೇ ಇಲ್ಲವೇ? ಉಂಟು, ಎಂಜಿನಿನ ಬಯಕೆ ಮೊದಲು ಬೆಳೆಯಬೇಕು. ಇದನ್ನು ಜಗತ್ತಿಗೆ ತೋರಿಸಿದವನು ಪೂರ್ವ ಜರ್ಮನಿಯ ಜೋಪಾವ್ ಪಟ್ಟಣದ ಎಂಜಡ್ ಕಾರ್ಖಾನೆಯ ವಾಲ್ಟರ್ ಕಾಡೆನ್. ೧೯೫೦ರ ದಶಕದಲ್ಲಿ ಆತ ಒಳಬರುವ ಕಿಂಡಿಗೆ ತಿರುಗುವ ತಟ್ಟೆಯ ಕವಾಟವನ್ನು ಇಟ್ಟನು; ಹೊಗೆಕೊಳವೆಯನ್ನು ಹಿಗ್ಗಿ ಮತ್ತೆ ಕುಗ್ಗುವ ಆಕಾರದಲ್ಲಿ ರಚಿಸಿ, ಹೊರಟುಹೋಗುತ್ತಿದ್ದ ಹೊಸ ಮಿಶ್ರಣವನ್ನು ಒತ್ತಡದ ಅಲೆಯೇ ಹಿಂದಕ್ಕೆ ತಳ್ಳುವಂತೆ ಮಾಡಿದನು. ೧೯೬೧ರಲ್ಲಿ ಅವನ ೧೨೫ ಘನ ಸೆಂಟಿಮೀಟರಿನ ಎಂಜಿನು ೨೫ ಅಶ್ವಶಕ್ತಿಯನ್ನು, ಎಂದರೆ ಲೀಟರಿಗೆ ೨೦೦ ಅಶ್ವಶಕ್ತಿಯನ್ನು ಮುಟ್ಟಿತು. ಅದೇ ವರ್ಷ ಅಲ್ಲಿಯ ಸವಾರ ಎರ್ನ್ಸ್ಟ್ ಡೆಗ್ನರನು ದೇಶವನ್ನು ತೊರೆದು ಜಪಾನಿನ ಸುಜುಕಿ ಸಂಸ್ಥೆಯನ್ನು ಸೇರಿದನು. ೧೯೬೨ರಲ್ಲಿ ಆ ಸಂಸ್ಥೆಗೆ ೫೦ ಘನ ಸೆಂಟಿಮೀಟರು ವರ್ಗದ ವಿಶ್ವಪದವಿ ದೊರೆಯಿತು. ಮೈಸೂರಿನಲ್ಲಿ ಶಾಂತವಾಗಿ ಎಳೆಯುವ ಎಂಜಿನು ತಯಾರಾಗತೊಡಗಿದ ವರ್ಷವೇ ದ್ವಿಘಾತ ಎಂಜಿನು ತನ್ನ ಮತ್ತೊಂದು ಮುಖವನ್ನು ಯೂರೋಪಿನಲ್ಲಿ ತೋರಿಸಿತೆಂಬುದು ಗಮನಾರ್ಹ.

ಆ ಮತ್ತೊಂದು ಮುಖ ನಮ್ಮವರನ್ನೂ ಆಕರ್ಷಿಸಿತು. ಮದರಾಸಿನ ಬಳಿಯ ಶೋಲಾವರಂ ವಿಮಾನಪಟ್ಟಿಯ ಪಂದ್ಯಗಳಲ್ಲಿ ಮೈಸೂರಿನ ಎಂಜಿನುಗಳನ್ನು ಮಾರ್ಪಡಿಸಿ ಓಡಿಸಲಾಗುತ್ತಿತ್ತು. ಅಂಥ ಎಂಜಿನಿನ ಕಿಂಡಿಗಳನ್ನು ಎತ್ತರಿಸಿ, ಹೊಗೆಕೊಳವೆಯನ್ನು ಬದಲಾಯಿಸಿ, ಗರಿಷ್ಠ ಶಕ್ತಿಯನ್ನು ೬೦೦೦ ಸುತ್ತುಗಳಿಗೆ ಏರಿಸಿದೆವೆಂದು ಇಟ್ಟುಕೊಳ್ಳೋಣ. ಆಗ ೦.೭೦ ಗುಣಾಂಕದಿಂದ ೨೭ ಮಿಲಿಮೀಟರು ಬರುತ್ತದೆ. ರಸ್ತೆಗೆ ೨೬, ಪಂದ್ಯಕ್ಕೆ ೨೮ ಎಂದು ಆರಿಸಿಕೊಳ್ಳಬಹುದು. ೭೫೦೦ಕ್ಕೆ ಏರಿಸಿದರೆ ೩೦ ಮಿಲಿಮೀಟರು. ವೇಗವು ಒಂದೂವರೆ ಪಾಲಿಗಿಂತ ಹೆಚ್ಚಾದರೂ ವ್ಯಾಸವು ನಾಲ್ಕನೆಯ ಒಂದು ಭಾಗದಷ್ಟು ಮಾತ್ರ ಬೆಳೆಯುತ್ತದೆ. ವರ್ಗಮೂಲದ ಈ ಸಂಯಮವನ್ನು ಮಾರ್ಪಾಟು ಮಾಡುವವರು ಗಮನಿಸಬೇಕು. ಆರ್‌ಎಕ್ಸ್ ೧೦೦ರಲ್ಲಿರುವಂತೆ ರೀಡ್ ಎಂಬ ತೆಳು ನಾಲಗೆಯ ಕವಾಟವಿದ್ದರೆ ಮಿಶ್ರಣ ಹಿಂದಿರುಗದ ಕಾರಣ ಸ್ವಲ್ಪ ದೊಡ್ಡ ಕಂಠವನ್ನೂ ಅಂಥ ಎಂಜಿನು ಸಹಿಸುತ್ತದೆ. ಜಾವಾದಂಥ ಪಿಸ್ಟನಿನ ಕಿಂಡಿಯ ಎಂಜಿನಿಗೆ ಆ ಸಹನೆಯಿಲ್ಲ. ಒಳಹಾದಿಯ ಕಿಂಡಿಯೂ ಕೊಳವೆಯೂ ಕಿರಿದಾಗಿದ್ದು ಕಾರ್ಬುರೇಟರು ಮಾತ್ರ ದೊಡ್ಡದಾದರೆ ಲಾಭವೇನೂ ಇಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

೬

ಈಗ ಬಯಲಿನ ರಸ್ತೆಯನ್ನು ಬಿಟ್ಟು ಉತ್ತರ ಕನ್ನಡಕ್ಕೆ ಬರೋಣ. ಹೊಲ, ಕಾಡು, ಮರಳು ಎನ್ನದೆ ಸಾಗುವ ನಾಲ್ಕು ಗಾಲಿಯ ಸಣ್ಣ ವಾಹನಗಳು ಅಮೆರಿಕದಲ್ಲಿ ಹೆಸರಾದವು. ೧೯೮೭ರಿಂದ ೨೦೦೬ರ ವರೆಗೆ ಅಲ್ಲಿ ಮಾರಾಟವಾದ ಯಮಾಹಾ ಬ್ಯಾನ್‌ಶೀ ಎಂಬ ದ್ವಿಘಾತ ವಾಹನಕ್ಕೆ ೩೪೭ ಘನ ಸೆಂಟಿಮೀಟರಿನ ಎರಡು ಸಿಲಿಂಡರುಗಳು, ಒಂದೊಂದಕ್ಕೂ ೨೬ ಮಿಲಿಮೀಟರಿನ ಕಾರ್ಬುರೇಟರು. ಮರಳುದಿಬ್ಬವನ್ನು ಒಂದೇ ಉಸಿರಿನಲ್ಲಿ ಏರುವವನು ಅದನ್ನು ಬಿಚ್ಚಿ ದೊಡ್ಡದನ್ನು ಇಡುವುದಕ್ಕೆ ಅರ್ಥವಿದೆ; ಅವನ ಎಂಜಿನು ಮೇಲಿನ ವೇಗದಲ್ಲೇ ಇರುತ್ತದೆ. ಆದರೆ ಅಂಥ ವಾಹನವೋ ಒಂದು ಹಳೆಯ ಮೋಟಾರ್ ಸೈಕಲ್ಲೋ ಚಿಗಳ್ಳಿಯ ಸುತ್ತಣ ಗದ್ದೆಯ ಬದಿಯಲ್ಲಿ, ಮಳೆಗಾಲದ ಕೆಸರಿನಲ್ಲಿ, ಕಾಡಿನ ತಿರುವುಗಳಲ್ಲಿ ಸಾಗಬೇಕಾದರೆ ಲೆಕ್ಕ ಬೇರೆ. ಅಲ್ಲಿ ಎಂಜಿನು ತನ್ನ ಆಯುಷ್ಯದ ಬಹುಭಾಗವನ್ನು ಗರಿಷ್ಠ ಶಕ್ತಿಯ ಅರ್ಧವೇಗದಲ್ಲಿ ಕಳೆಯುತ್ತದೆ. ಆ ವೇಗದಲ್ಲಿ ಕಂಠದ ಗಾಳಿ ಚುರುಕಾಗಿರಬೇಕು. ಆದ್ದರಿಂದ ಗುಣಾಂಕವನ್ನು ೦.೬೫ರಿಂದ ೦.೭೦ರ ಒಳಗೇ ಇಡುವುದು ಯುಕ್ತ. ಎರಡು ಗಾತ್ರಗಳ ನಡುವೆ ಸಂದೇಹ ಬಂದರೆ ಚಿಕ್ಕದೇ ಸರಿ.

ಘಟ್ಟದ ಎತ್ತರಕ್ಕಾಗಿ ಗಾತ್ರವನ್ನು ಬದಲಾಯಿಸಬೇಕೆಂಬ ಭಾವನೆಯೂ ಉಂಟು. ಅಂಕೋಲೆಯಿಂದ ಅರಬೈಲು ಘಟ್ಟವನ್ನು ಹತ್ತಿ ಯಲ್ಲಾಪುರದ ಮೂಲಕ ಮುಂಡಗೋಡದ ಕಡೆಗೆ ಬರುವವನು ಕಡಲಮಟ್ಟದಿಂದ ಐದಾರು ನೂರು ಮೀಟರು ಮೇಲೇರುತ್ತಾನೆ. ಗಾಳಿಯ ಸಾಂದ್ರತೆ ನೂರಕ್ಕೆ ಸುಮಾರು ಐದರಷ್ಟು ಇಳಿಯುತ್ತದೆ. ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಆದರೆ ಮಿಶ್ರಣದಲ್ಲಿ ಪೆಟ್ರೋಲಿನ ಅಂಶ ಹೆಚ್ಚುವುದು ನೂರಕ್ಕೆ ಎರಡೂವರೆಯಷ್ಟು ಮಾತ್ರ. ಇದಕ್ಕೆ ಸೂಜಿಯ ಗಾಡಿಯನ್ನು ಒಂದು ಮೆಟ್ಟಿಲು ಬದಲಾಯಿಸಿದರೂ ಹೆಚ್ಚಾದೀತು. ಕಂಠದ ಗಾತ್ರದ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ಗಾತ್ರವನ್ನು ನಿರ್ಣಯಿಸುವುದು ಎಂಜಿನಿನ ಬಯಕೆ. ಪ್ರದೇಶದ ಎತ್ತರವನ್ನು ನೋಡಿಕೊಳ್ಳುವುದು ಜೆಟ್ಟು ಮತ್ತು ಸೂಜಿ. ಈ ಎರಡು ಕಾರ್ಯಗಳನ್ನು ಬೆರೆಸಿದುದರಿಂದಲೇ ಅನೇಕ ತಪ್ಪುಗಳು ಉಂಟಾಗಿವೆ.

ಕಾರ್ಯಕ್ರಮವನ್ನು ಹೀಗೆ ಸಂಗ್ರಹಿಸಬಹುದು. ಮೊದಲು ಎಂಜಿನು ಯಾವ ವೇಗದಲ್ಲಿ, ಯಾವ ನೆಲದಲ್ಲಿ ದುಡಿಯಬೇಕೆಂಬುದನ್ನು ನಿಶ್ಚಯಿಸಬೇಕು. ಕಿಂಡಿಗಳೂ ಹೊಗೆಕೊಳವೆಯೂ ಆ ವೇಗಕ್ಕೆ ತಕ್ಕಂತಿವೆಯೇ ಎಂದು ನೋಡಬೇಕು. ಅನಂತರ ಲೆಕ್ಕದಿಂದ ವ್ಯಾಸವನ್ನು ಕಂಡುಹಿಡಿದು, ಅದಕ್ಕೆ ಸಮೀಪದ ಚಿಕ್ಕ ಗಾತ್ರವನ್ನು ಆರಿಸಬೇಕು. ಜೆಟ್ಟನ್ನು ಆರಂಭದಲ್ಲಿ ದೊಡ್ಡದಾಗಿಯೇ ಇಟ್ಟು, ಸ್ಪಾರ್ಕ್ ಪ್ಲಗ್ಗಿನ ಬಣ್ಣವನ್ನು ನೋಡುತ್ತ ಒಂದೊಂದೇ ಮೆಟ್ಟಿಲು ಕಿರಿದುಮಾಡಬೇಕು. ಚಿಕ್ಕದರಿಂದ ದೊಡ್ಡದಕ್ಕೆ ಹೋಗುವುದು ಪಿಸ್ಟನನ್ನು ಪಣವಿಟ್ಟಂತೆ. ಸಾರ್ವಜನಿಕ ರಸ್ತೆಯ ವಾಹನಗಳ ವಿಷಯದಲ್ಲಿ ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ವಿಧಿಯು ಮಾರ್ಪಾಟುಗಳನ್ನು ನಿರ್ಬಂಧಿಸಿದೆಯೆಂಬುದನ್ನೂ ಮರೆಯಬಾರದು.

೭

ಜಾವಾ ಎಂಬ ಹೆಸರು ೨೦೧೮ರಲ್ಲಿ ನಮ್ಮ ದೇಶದ ಪೇಟೆಗೆ ಮರಳಿತು. ಆದರೆ ಆ ಹೊಸ ಎಂಜಿನು ಚತುರ್ಘಾತದ್ದು, ಅದಕ್ಕೆ ಕಾರ್ಬುರೇಟರೇ ಇಲ್ಲ. ದ್ವಿಘಾತ ಎಂಜಿನಿನ ಕಾರ್ಬುರೇಟರನ್ನು ಹೊಂದಿಸುವ ವಿದ್ಯೆ ಇಂದು ಹಳೆಯ ವಾಹನಗಳನ್ನು ಪ್ರೀತಿಯಿಂದ ಕಾಪಾಡುವವರಲ್ಲಿಯೂ, ಮೈಸೂರು ಬೆಂಗಳೂರುಗಳ ಹಿರಿಯ ಮೆಕ್ಯಾನಿಕ್ಕುಗಳ ಕೈಯಲ್ಲಿಯೂ ಉಳಿದಿದೆ. ಅದು ಬಹುಮಟ್ಟಿಗೆ ಕಿವಿಯಿಂದ, ಬೆರಳಿನಿಂದ, ಪ್ಲಗ್ಗಿನ ಬಣ್ಣದಿಂದ ಕಲಿತ ವಿದ್ಯೆ. ಬರಹಕ್ಕೆ ಇಳಿದುದು ಸ್ವಲ್ಪವೇ.

ಇಲ್ಲಿ ಇತಿಹಾಸದ ವಿದ್ಯಾರ್ಥಿಗೆ ಒಂದು ಕರ್ತವ್ಯವಿದೆ. ಮೂಲ ಕಾರ್ಬುರೇಟರನ್ನು ತೆಗೆದು ದೊಡ್ಡದನ್ನು ಕೂಡಿಸಿ, ತೆಗೆದುದನ್ನು ಗುಜರಿಗೆ ಹಾಕಿದಾಗ ಕಳೆದುಹೋಗುವುದು ಒಂದು ಲೋಹದ ತುಂಡು ಮಾತ್ರವಲ್ಲ. ೧೯೬೧ರಲ್ಲಿ ನಮ್ಮ ರಸ್ತೆಗಳಿಗೆ, ನಮ್ಮ ಹೊರೆಗಳಿಗೆ ಯಾವುದು ತಕ್ಕುದೆಂದು ಭಾವಿಸಲಾಗಿತ್ತೆಂಬುದರ ಸಾಕ್ಷ್ಯವೂ ಕಳೆದುಹೋಗುತ್ತದೆ. ಕಂಠದ ವ್ಯಾಸ, ಜೆಟ್ಟಿನ ಸಂಖ್ಯೆ, ಸೂಜಿಯ ಸ್ಥಾನ, ಕಿಂಡಿಗಳ ಎತ್ತರ ಇವಿಷ್ಟನ್ನು ಬಿಚ್ಚುವ ಮೊದಲು ಅಳೆದು ಬರೆದಿಡುವುದಕ್ಕೆ ಒಂದು ಗಂಟೆ ಸಾಕು. ಮಾರ್ಪಾಟು ಮಾಡುವವನಿಗೂ ಅದರಿಂದ ಪ್ರಯೋಜನವಿದೆ: ಹೊಸ ಗಾತ್ರ ಸೋತಾಗ ಹಿಂದಿರುಗಲು ಅವನಿಗೊಂದು ದಾರಿ ಉಳಿದಿರುತ್ತದೆ. ಕಾಲೇಜುಗಳ ಯಂತ್ರಶಾಸ್ತ್ರ ವಿಭಾಗದವರೂ ಇತಿಹಾಸ ವಿಭಾಗದವರೂ ಜತೆಗೂಡಿ ತಮ್ಮ ಜಿಲ್ಲೆಯ ಹಳೆಯ ಎಂಜಿನುಗಳ ಅಳತೆಗಳನ್ನು ಸಂಗ್ರಹಿಸುವುದಾದರೆ, ಯಾದವಗಿರಿಯಲ್ಲಿ ಮೂರೂವರೆ ದಶಕಗಳ ಕಾಲ ನಡೆದ ಉದ್ಯಮದ ಚರಿತ್ರೆಗೆ ಆ ಉದ್ಯಮದ ಯಂತ್ರಗಳೇ ಆಧಾರವನ್ನು ಒದಗಿಸಬಲ್ಲವು.